ರೋಗಿಯ ಮೇಲೆ ಯಂತ್ರದ ಒತ್ತಡವೆಷ್ಟು?

ಬಂದರಿನ ಜೀನಸಿನ ಅಂಗಡಿಯ ತಕ್ಕಡಿಯನ್ನು ಸರಕಾರದ ಅಧಿಕಾರಿಗಳು ಪರೀಕ್ಷಿಸಿ ಮುದ್ರೆಯೊತ್ತುವರು; ಮುದ್ರೆಯಿಲ್ಲದ ತಕ್ಕಡಿಯಲ್ಲಿ ಅಕ್ಕಿ ತೂಗಿದರೆ ದಂಡವುಂಟು. ಅರ್ಧಾಂಗವಾಯುವಿನಿಂದ ಬಿದ್ದವನ ಕಾಲನ್ನು ಪಟ್ಟಿಯಿಂದ ಬಿಗಿದು ನಡೆಯಿಸುವ ರೋಬೋಟು ಆ ಕಾಲನ್ನು ಎಷ್ಟು ಬಲದಿಂದ ಒತ್ತುತ್ತಿದೆಯೆಂದು ಕೇಳುವವರೆಷ್ಟು ಮಂದಿ?

ಇಂತಹ ಯಂತ್ರಗಳನ್ನು ನಾವು ಹಳಿಯುವವರಲ್ಲ. ಒಂದೇ ಚಲನೆಯನ್ನು ನೂರಾರು ಸಲ ಬೇಸರವಿಲ್ಲದೆ ಮಾಡಿಸುವ ಶಕ್ತಿಯು ಅವಕ್ಕಿದೆ. ಮನುಷ್ಯನ ತೋಳು ಅಷ್ಟರಲ್ಲಿ ದಣಿಯುವುದು. ತೊಡಕಿರುವುದು ಬೇರೆ ಕಡೆ. ನಮ್ಮ ಮೊಣಕಾಲು ಬಾಗಿಲಿನ ತಿರುಗಣಿಯಂತೆ ಒಂದೇ ಅಚ್ಚಿನ ಮೇಲೆ ತಿರುಗುವುದಿಲ್ಲ. ಬಾಗುತ್ತ ಬಾಗುತ್ತ ಅಚ್ಚೇ ಸ್ಥಳ ಬದಲಿಸುತ್ತದೆ. ಯಂತ್ರದ ಕೀಲು ಸಾಮಾನ್ಯವಾಗಿ ನೆಟ್ಟಲ್ಲೇ ತಿರುಗುವುದು. ಈ ಎರಡರ ವ್ಯತ್ಯಾಸವನ್ನು ಹೊರತಕ್ಕುದು ಪಟ್ಟಿಯ ಕೆಳಗಿನ ಚರ್ಮ. ಮೋಟಾರಿನ ಲೆಕ್ಕದಲ್ಲಿ ಈ ಒತ್ತಡವು ಸರಿಯಾಗಿ ಕಾಣದು. ಪಟ್ಟಿಗೂ ಚರ್ಮಕ್ಕೂ ನಡುವೆ ಅಳೆಯುವ ಸಾಧನವನ್ನಿಡಬೇಕು.

ಚರ್ಮದ ಸೂಕ್ಷ್ಮ ರಕ್ತನಾಳದ ಆರಂಭದ ತುದಿಯಲ್ಲಿ ಒತ್ತಡವು, 1930ರಲ್ಲಿ ಲ್ಯಾಂಡಿಸ್ ಎಂಬವರು ಅಳೆದಂತೆ, ಪಾದರಸದ ಸುಮಾರು 32 ಮಿಲ್ಲಿಮೀಟರು. ಎಂದರೆ ಚದರ ಸೆಂಟಿಮೀಟರಿಗೆ ಸುಮಾರು 43 ಗ್ರಾಂ ಭಾರ. ಅದನ್ನು ಮೀರಿದ ಒತ್ತಡವು ಬಹುಕಾಲ ನಿಂತರೆ ರಕ್ತಸಂಚಾರಕ್ಕೆ ಅಡ್ಡಿಯಾಗಿ ಹುಣ್ಣಾಗಬಹುದು. ಆರೋಗ್ಯವಂತನು ನೊಂದೊಡನೆ ಕೂಗುವನು. ಸ್ಪರ್ಶಜ್ಞಾನವೇ ಕುಂದಿದವನು, ಅಥವಾ ಮಾತೇ ಬಿದ್ದುಹೋದವನು ಏನೆಂದು ಕೂಗಬೇಕು? ಶರೀರದ ಯಾವ ಭಾಗವು ಎಷ್ಟು ಒತ್ತಡವನ್ನು ತಾಳಬಲ್ಲುದೆಂಬ ಪಟ್ಟಿಯು 2016ರಲ್ಲಿ ಪ್ರಕಟವಾದ ಐ.ಎಸ್.ಓ. 15066 ಎಂಬ ನಿರ್ದೇಶದಲ್ಲಿ ಇದೆ, ನಿಜ. ಆದರೆ ಅದು ರೋಬೋಟುಗಳೊಡನೆ ದುಡಿಯುವ ಕಾರ್ಖಾನೆಯವರಿಗಾಗಿ, 100 ಮಂದಿ ಆರೋಗ್ಯವಂತರ ನೋವನ್ನು ಅಳೆದು ಮಾಡಿದುದು. ಅದೇ ಅಳತೆಯು ರೋಗಿಗೆ ಹೇಗೆ ಸರಿಯಾದೀತು?

2020ರ ಏಪ್ರಿಲ್ 1ರಿಂದ ವೈದ್ಯಕೀಯ ಸಾಧನಗಳೆಲ್ಲವೂ ಔಷಧ ಕಾನೂನಿನ ವ್ಯಾಪ್ತಿಗೆ ಬಂದಿವೆ. ಸಂತೋಷ, ಆದರೆ ಪರವಾನಗಿಯು ಯಂತ್ರಕ್ಕೆ ಒಮ್ಮೆ, ಪಟ್ಟಿ ಬಿಗಿಯುವುದು ಒಬ್ಬೊಬ್ಬ ರೋಗಿಗೂ ಪ್ರತಿದಿನ.

ಮಂಗಳೂರಿಗೆ ಈ ಕಾರ್ಯವು ಅಸಾಧ್ಯವೆಂದು ನಾವು ಒಪ್ಪೆವು. 1848ರ ವೆನ್ಲಾಕ್, 1880ರ ಫಾದರ್ ಮುಲ್ಲರ್, ಕಸ್ತೂರ್ಬಾ ವೈದ್ಯಕೀಯ ಕಾಲೇಜು ಇಲ್ಲಿವೆ. ಸುರತ್ಕಲ್ಲಿನಲ್ಲಿ 1960ರಿಂದ ಇಂಜಿನಿಯರಿಂಗ್ ವಿದ್ಯಾಲಯವಿದೆ. ಮೊಣಕಾಲಿರುವ ಕೃತಕ ಕಾಲೊಂದನ್ನು ನಿರ್ಮಿಸಿ, ಅದರ ಮೈಮೇಲೆ ಬಲಮಾಪಕಗಳನ್ನು ಅಂಟಿಸಿ, ಯಂತ್ರಕ್ಕೆ ಕಟ್ಟಿ ನಡೆಯಿಸಿ ಅಂಕಿಗಳನ್ನು ಬರೆದಿಡುವುದು ಈ ಎರಡು ವರ್ಗದವರೂ ಒಂದು ಮೇಜಿಗೆ ಕೂತರೆ ಆಗುವ ಕೆಲಸ. ಇಂತಹ ಯಂತ್ರವನ್ನು ಕೊಳ್ಳುವ ಆಸ್ಪತ್ರೆಯು ಟೆಂಡರಿನಲ್ಲಿಯೇ ಆ ಅಂಕಿಗಳನ್ನು ಕೇಳಲಿ. ಅಲ್ಲಿಯ ತನಕ, ಪಟ್ಟಿ ಬಿಚ್ಚಿದ ಮೇಲೆ ಚರ್ಮವು ಕೆಂಪಾಗಿದೆಯೇ ಎಂದು ರೋಗಿಯ ಮನೆಯವರೇ ನೋಡಿಕೊಳ್ಳತಕ್ಕದ್ದು. ಆ ಕೆಂಪು ಬೇಗನೆ ಮಾಯದಿದ್ದರೆ ಮರುದಿನ ಯಂತ್ರವೇರುವ ಮೊದಲು ವೈದ್ಯರಿಗೆ ತೋರಿಸತಕ್ಕದ್ದು.