ಸಾರ್ವಜನಿಕ ಸಂಸ್ಥೆಗಳೂ ವರ್ಷದ ಯೋಜನೆಯೂ

ಯುಗಾದಿಯ ದಿನ ಬೇವು-ಬೆಲ್ಲವನ್ನು ಸ್ವೀಕರಿಸಿ ಪಂಚಾಂಗ ಶ್ರವಣ ಮಾಡುವ ಸಂಪ್ರದಾಯವು ನಮ್ಮಲ್ಲಿ ಇಂದಿಗೂ ಉಳಿದಿದೆ. ಯಾವ ರಾಶಿಗೆ ಆಯವೆಷ್ಟು, ವ್ಯಯವೆಷ್ಟು ಎಂಬುದನ್ನು ಓದುವಾಗ ಮನೆಯ ಹಿರಿಯರೂ ಕಿರಿಯರೂ ಕಿವಿಗೊಟ್ಟು ಕೇಳುವರು. ಗ್ರಹಗಳು ಕೊಡುವ ಆಯ-ವ್ಯಯದಲ್ಲಿ ಇಷ್ಟು ಆಸ್ಥೆಯುಳ್ಳ ನಾವು, ನಮ್ಮ ಕೈಯಿಂದಲೇ ನಡೆಯತಕ್ಕ ಸಂಘ-ಸಂಸ್ಥೆಗಳ ಆಯ-ವ್ಯಯವನ್ನು ವರ್ಷಾರಂಭದಲ್ಲಿ ಎಷ್ಟು ಮಂದಿ ವಿಚಾರಿಸುತ್ತೇವೆ? ವಾಚನಾಲಯ, ಅನಾಥಾಲಯ, ವಿದ್ಯಾರ್ಥಿನಿಲಯ, ಧರ್ಮಾರ್ಥ ಔಷಧಾಲಯ ಇವುಗಳಿಲ್ಲದ ಊರು ನಮ್ಮ ನಾಡಿನಲ್ಲಿ ವಿರಳ. ಆದರೆ ಮುಂದಿನ ಹನ್ನೆರಡು ತಿಂಗಳಲ್ಲಿ ಇಂಥಿಂಥ ಕೆಲಸವನ್ನು ಇಂಥವರು, ಇಷ್ಟು ಹಣದಿಂದ, ಇಂಥ ದಿನದೊಳಗೆ ಮಾಡತಕ್ಕದ್ದೆಂದು ಮೊದಲೇ ಬರೆದಿಟ್ಟುಕೊಂಡು ಹೊರಡುವ ಸಂಸ್ಥೆಗಳು ಅದಕ್ಕಿಂತಲೂ ವಿರಳವೆಂದು ವಿಷಾದದಿಂದ ಹೇಳಬೇಕಾಗಿದೆ.

ಸಾಮಾನ್ಯವಾಗಿ ನಡೆಯುವ ಕ್ರಮವನ್ನು ವಾಚಕರು ಬಲ್ಲರು. ಏಪ್ರಿಲ್ 1ರಂದು ಲೆಕ್ಕದ ವರ್ಷವು ಆರಂಭವಾಗುವದು. ಆ ದಿನ ಯಾರ ಮನಸ್ಸಿನಲ್ಲಿಯೂ ಯಾವ ಯೋಜನೆಯೂ ಇರುವದಿಲ್ಲ. ಮಳೆಗಾಲವು ಹೀಗೆಯೇ ಕಳೆಯುವದು. ದಸರೆ, ರಾಜ್ಯೋತ್ಸವಗಳ ಸಂಭ್ರಮದಲ್ಲಿ ಎರಡು ತಿಂಗಳು ಸರಿಯುವವು. ಮಾರ್ಚ್ ತಿಂಗಳು ಸಮೀಪಿಸಿದೊಡನೆ ಬಾಯಾರಿದಾಗ ಬಾವಿ ತೋಡುವ ಓಡಾಟವು ಮೊದಲಾಗುವದು. ಧರ್ಮಾರ್ಥ ಸಂಸ್ಥೆಯು ತೆರಿಗೆಯ ವಿನಾಯಿತಿಯನ್ನು ಪಡೆಯಬೇಕಾದರೆ ಸಾಮಾನ್ಯವಾಗಿ ವರ್ಷದ ಆದಾಯದ ನೂರಕ್ಕೆ 85ರಷ್ಟನ್ನು ತನ್ನ ಉದ್ದೇಶಕ್ಕೆ ವಿನಿಯೋಗಿಸಬೇಕೆಂಬ ನಿಯಮವಿದೆ. ಹಣವನ್ನು ಸಾರ್ವಜನಿಕರ ಹಿತಕ್ಕೆ ಬಳಸದೆ ಕೂಡಿಡಬಾರದೆಂಬುದೇ ಇದರ ಆಶಯ. ಆದರೆ ಮೊದಲೇ ವಿಚಾರ ಮಾಡದವರ ಕೈಯಲ್ಲಿ ಈ ಸದುದ್ದೇಶದ ನಿಯಮವೂ ಮಾರ್ಚ್ ಕೊನೆಯ ವಾರದಲ್ಲಿ ಕುರ್ಚಿ-ಕಪಾಟುಗಳನ್ನು ಕೊಳ್ಳುವದಕ್ಕೆ ನೆವವಾಗುವದು.

ಪರರನ್ನು ದೂಷಿಸುವ ಮೊದಲು ನಮ್ಮ ತಪ್ಪನ್ನೇ ಹೇಳುವದು ಉಚಿತ. ಅನೇಕ ವರ್ಷಗಳ ಹಿಂದೆ ಒಂದು ವಾಚನಾಲಯದ ಕಾರ್ಯಕಾರೀ ಮಂಡಲಿಯಲ್ಲಿ ನಾವೂ ಸಭಾಸದರಾಗಿದ್ದೆವು. ಬಾಲಕರಿಗಾಗಿ ಪ್ರತ್ಯೇಕ ವಿಭಾಗವನ್ನು ತೆರೆಯತಕ್ಕದ್ದೆಂಬ ಠರಾವು ಒಂದು ಸಂಜೆ ಕರತಾಡನದೊಡನೆ ಸ್ವೀಕೃತವಾಯಿತು. ಹಣವನ್ನು ಕೊಡುವೆವೆಂದು ಮೂವರು ಸದ್ಗೃಹಸ್ಥರು ವಚನವಿತ್ತರು. ಆ ವಚನವನ್ನೇ ಜಮೆಯೆಂದು ತಿಳಿದು ನಾವು ಪುಸ್ತಕಗಳನ್ನು ತರಿಸಿದೆವು. ಹೊಸ ವಿಭಾಗವನ್ನು ನೋಡಿಕೊಳ್ಳತಕ್ಕವನು ಅಲ್ಲಿದ್ದ ಒಬ್ಬನೇ ನೌಕರನು. ನಿನಗೆ ಇದು ಸಾಧ್ಯವೇ ಎಂದು ಅವನನ್ನು ನಮ್ಮಲ್ಲಿ ಒಬ್ಬರೂ ಕೇಳಲಿಲ್ಲ. ವಚನದ ಹಣವು ಬರಲಿಲ್ಲ. ಪುಸ್ತಕದ ಅಂಗಡಿಯ ಸಾಲವನ್ನು ತೀರಿಸುವದಕ್ಕಾಗಿ ಆ ನೌಕರನ ನಾಲ್ಕು ತಿಂಗಳ ಸಂಬಳವನ್ನು ತಡೆಯಲಾಯಿತು. ಅವನು ಒಂದು ಮಾತನ್ನೂ ಆಡದೆ ಬೀಗದ ಕೈಗಳನ್ನು ಮೇಜಿನ ಮೇಲಿಟ್ಟು ಹೊರಟುಹೋದನು. ಬಾಲಕರ ವಿಭಾಗದೊಡನೆ ವಾಚನಾಲಯವೂ ಬಹುಕಾಲ ಮುಚ್ಚಿತ್ತು. ಆ ಠರಾವಿಗೆ ನಮ್ಮ ಸಹಿಯೂ ಇತ್ತೆಂಬುದನ್ನು ನಾವು ಮರೆತಿಲ್ಲ.

ಈ ಪಾಠವನ್ನು ಮಹಾತ್ಮರು ಬಹು ಹಿಂದೆಯೇ ಕಲಿತಿದ್ದರು. 1894ರಲ್ಲಿ ದಕ್ಷಿಣ ಆಫ್ರಿಕದಲ್ಲಿ ನಾತಾಳ್ ಇಂಡಿಯನ್ ಕಾಂಗ್ರೆಸ್ಸು ಸ್ಥಾಪಿತವಾದಾಗ ಗಾಂಧಿಯವರು ಅದರ ಕಾರ್ಯದರ್ಶಿಗಳಾದರು. ಸದಸ್ಯರ ವರ್ಗಣಿಯು ತಿಂಗಳಿಗೆ ಕನಿಷ್ಠ 5 ಶಿಲಿಂಗು. ಜನರು ಉತ್ಸಾಹದಿಂದ ಸೇರಿದರು. ಆದರೆ ಪ್ರತಿ ತಿಂಗಳೂ ಮನೆಮನೆಗೆ ಹೋಗಿ ವರ್ಗಣಿಯನ್ನು ಕೂಡಿಸುವದು ದುಸ್ತರವಾಯಿತು. ಆಗ ಅದನ್ನು ವರ್ಷಕ್ಕೆ ಕನಿಷ್ಠ 3 ಪೌಂಡು ಎಂದು ಗೊತ್ತುಮಾಡಲಾಯಿತು. ಲೆಕ್ಕ ಹಾಕಿ ನೋಡಿದರೆ ಮೊತ್ತವು ಅದೇ; ಬದಲಾದದ್ದು ಅವಧಿ ಮಾತ್ರ. ಅಷ್ಟರಿಂದಲೇ ವಸೂಲಿಯ ಕಷ್ಟವು ಬಹಳ ಮಟ್ಟಿಗೆ ಕಡಮೆಯಾಯಿತು. ಹಣದ ವಿಷಯದಲ್ಲಿ ಬರಿಯ ವಚನವನ್ನು ನಂಬಿ, ಸಾಲ ಮಾಡಿ, ಸಾರ್ವಜನಿಕ ಕಾರ್ಯವನ್ನು ಮಾಡಲಾಗದೆಂಬುದನ್ನೂ ಅವರು ಅಲ್ಲಿಯೇ ಕಂಡುಕೊಂಡರು. ಪ್ರತಿಯೊಂದು ಕಾಸಿಗೂ ರಶೀದಿ, ಪ್ರತಿಯೊಂದು ಖರ್ಚಿಗೂ ಲೆಕ್ಕ ಎಂಬ ನಿಷ್ಠೆಯನ್ನು ಅವರು ಜೀವನದ ಕೊನೆಯವರೆಗೆ ಬಿಡಲಿಲ್ಲ.

ರಾಷ್ಟ್ರದ ಮಟ್ಟದಲ್ಲಿಯೂ ಇದಕ್ಕೆ ನಿದರ್ಶನವಿದೆ. 1920ರವರೆಗೆ ಕಾಂಗ್ರೆಸ್ಸೆಂದರೆ ಬಹುಮಟ್ಟಿಗೆ ಡಿಸೆಂಬರಿನಲ್ಲಿ ಕೆಲವು ದಿನ ಕೂಡುವ ಮಹಾಸಭೆಯಾಗಿತ್ತು. ಆ ವರ್ಷದ ನಾಗಪುರ ಅಧಿವೇಶನವು ಭಾಷಾವಾರು ಪ್ರಾಂತಗಳನ್ನು ಅಂಗೀಕರಿಸಿ ಹರಿದುಹಂಚಿದ ಕನ್ನಡಿಗರಿಗೆ ಕಾಂಗ್ರೆಸ್ಸಿನ ಒಳಗೆ ತಮ್ಮದೇ ಆದ ಕರ್ನಾಟಕ ಪ್ರಾಂತವನ್ನು ಕೊಟ್ಟಿತಲ್ಲದೆ, ವರ್ಷವಿಡೀ ಕೆಲಸ ಮಾಡತಕ್ಕ 15 ಜನರ ಕಾರ್ಯಕಾರೀ ಸಮಿತಿಯನ್ನೂ ನಿರ್ಮಿಸಿತು. ಇದಾದ ಮೂರು ತಿಂಗಳಿಗೆ, 1921ರ ಮಾರ್ಚ್ ಅಂತ್ಯದಲ್ಲಿ, ಬೆಜವಾಡದಲ್ಲಿ ಕೂಡಿದ ಅಖಿಲ ಭಾರತ ಸಮಿತಿಯು ಮೂರು ಕೆಲಸಗಳನ್ನು ಗೊತ್ತುಮಾಡಿತು: ತಿಲಕ ಸ್ವರಾಜ್ಯ ನಿಧಿಗೆ ಒಂದು ಕೋಟಿ ರೂಪಾಯಿ, ಒಂದು ಕೋಟಿ ಸದಸ್ಯರು, 20 ಲಕ್ಷ ಚರಕಗಳು, ಗಡುವು ಜೂನ್ 30. ನಿಧಿಯು ಗಡುವಿನೊಳಗೆ ಕೂಡಿತು. ಸದಸ್ಯರ ಸಂಖ್ಯೆಯು ಕೋಟಿಗೆ ಮುಟ್ಟಲಿಲ್ಲ. ಆದರೆ ಮುಟ್ಟಲಿಲ್ಲವೆಂಬುದು ಎಲ್ಲರಿಗೂ ತಿಳಿಯಿತಲ್ಲವೆ? ಅಂಕೆಯನ್ನೂ ದಿನವನ್ನೂ ಮೊದಲೇ ಹೇಳಿದ್ದರಿಂದಲೇ ಗೆದ್ದದ್ದು ಯಾವುದು, ಸೋತದ್ದು ಯಾವುದು ಎಂಬ ವಿವೇಚನೆಗೆ ಎಡೆಯಾಯಿತು. ‘ಯಥಾಶಕ್ತಿ ಪ್ರಯತ್ನಿಸತಕ್ಕದ್ದು’ ಎಂಬ ಠರಾವು ಎಂದಿಗೂ ಸೋಲುವದಿಲ್ಲ. ಏಕೆಂದರೆ ಅದು ಏನನ್ನೂ ಹೇಳಿರುವದಿಲ್ಲ.

ಹಾಗಾದರೆ ನಮ್ಮ ಸಂಸ್ಥೆಗಳು ಮಾಡತಕ್ಕದ್ದೇನು? ಜನವರಿಯಲ್ಲಿ ನೌಕರರೂ ಕಾರ್ಯಕರ್ತರೂ ಕೂಡಿ, ಕಳೆದ ಯುಗಾದಿಯಿಂದ ಆದದ್ದೇನು, ಆಗದೆ ಉಳಿದದ್ದೇನು ಎಂಬುದನ್ನು ಸಂಕೋಚವಿಲ್ಲದೆ ಬರೆದುಕೊಡಲಿ. ಫೆಬ್ರುವರಿಯಲ್ಲಿ ಮಂಡಲಿಯವರು ಅದನ್ನು ಮುಂದಿಟ್ಟುಕೊಂಡು ಮುಂದಿನ ವರ್ಷಕ್ಕೆ ಮೂರೋ ನಾಲ್ಕೋ ಮುಖ್ಯ ಕೆಲಸಗಳನ್ನು ಆರಿಸಲಿ. ಕೈಬಿಡತಕ್ಕ ಕೆಲಸ ಯಾವುದೆಂಬುದನ್ನೂ ಅದೇ ದಿನ ನಿರ್ಧರಿಸಲಿ. ಹೊಸದನ್ನು ಸೇರಿಸುವದರಲ್ಲಿ ನಾವು ಶೂರರು, ಹಳೆಯದನ್ನು ಬಿಡುವದರಲ್ಲಿ ಹೇಡಿಗಳು. ಮಾರ್ಚ್ ಮಧ್ಯದೊಳಗೆ ಆಯ-ವ್ಯಯದ ಅಂದಾಜು ಸಿದ್ಧವಾಗಲಿ. ಅದರಲ್ಲಿ ಕೈಗೆ ಬಂದ ಹಣ, ಲಿಖಿತವಾಗಿ ಮಂಜೂರಾದ ಹಣ, ಬರಬಹುದೆಂದು ಆಶಿಸಿದ ಹಣ ಎಂದು ಮೂರು ಅಂಕಣಗಳಿರಲಿ. ಸಂಬಳ, ಬಾಡಿಗೆಗಳು ಮೊದಲನೆಯ ಅಂಕಣದಿಂದಲೇ ನಡೆಯುವಂತಿರಬೇಕು; ಮೂರನೆಯದನ್ನು ನಂಬಿ ಒಂದು ರೂಪಾಯಿಯನ್ನೂ ಖರ್ಚು ಮಾಡಲಾಗದು. ಆಮೇಲೆ ಮೂರು ತಿಂಗಳಿಗೊಮ್ಮೆ ಅಂದಾಜನ್ನೂ ನಡೆದ ಕೆಲಸವನ್ನೂ ಎದುರುಬದುರಾಗಿಟ್ಟು ನೋಡಲಿ.

ಮಂಡಲಿಗೂ ನೌಕರರಿಗೂ ನಡುವಿನ ಮರ್ಯಾದೆಯೂ ಈ ಕ್ರಮದಿಂದ ಸ್ಪಷ್ಟವಾಗುವದು. ಏನು ಮಾಡಬೇಕು, ಏಕೆ ಮಾಡಬೇಕು ಎಂಬುದನ್ನು ನಿರ್ಣಯಿಸುವದು ಮಂಡಲಿಯ ಕೆಲಸ. ಹೇಗೆ ಮಾಡಬೇಕೆಂಬುದು ಕೆಲಸ ಮಾಡುವವನಿಗೆ ಗೊತ್ತು. ಪೊರಕೆ ಕೊಳ್ಳುವದರಲ್ಲಿ ಅಧ್ಯಕ್ಷರು ಕೈಹಾಕುವದೂ, ಹೊಸ ಹೊಣೆಯನ್ನು ಹೊರಿಸುವಾಗ ಹೊರತಕ್ಕವನನ್ನು ಕೇಳದಿರುವದೂ ಸಮಾನವಾದ ದೋಷಗಳು.

ನಮ್ಮದು ಚಿಕ್ಕ ಸಂಸ್ಥೆ, ಆದಾಯವು ಅನಿಶ್ಚಿತ, ನಮಗೇಕೆ ಈ ಆಡಂಬರ ಎಂದು ಕೆಲವರು ಕೇಳುವರು. ಮಳೆಯು ನಿಶ್ಚಿತವೆಂದು ಯಾವ ಒಕ್ಕಲಿಗನು ಬಲ್ಲನು? ಆದರೂ ಅವನು ರೋಹಿಣಿಗೆ ಮುಂಚೆ ಹೊಲವನ್ನು ಹದಗೊಳಿಸಿ ಬೀಜವನ್ನು ತೆಗೆದಿಡುತ್ತಾನೆ. ಆದಾಯವು ಅನಿಶ್ಚಿತವಾದಷ್ಟೂ ಮುಂದಾಲೋಚನೆಯು ಅವಶ್ಯ. ಚಿಕ್ಕ ಸಂಸ್ಥೆಗೆ ಒಂದು ಹಾಳೆಯ ಯೋಜನೆಯೇ ಸಾಕು.

ಊರಿನ ಗೃಹಸ್ಥರಲ್ಲಿ ನಮ್ಮದೊಂದು ವಿಜ್ಞಾಪನೆಯಿದೆ. ವರ್ಗಣಿಗಾಗಿ ಬಂದವರನ್ನು ಬರಿಗೈಯಲ್ಲಿ ಕಳಿಸಬೇಡಿರಿ. ಆದರೆ ಈ ವರ್ಷದ ಯೋಜನೆಯ ಹಾಳೆಯೆಲ್ಲಿ ಎಂದು ಕೇಳಿರಿ. ವಾರ್ಷಿಕ ಸಭೆಗೆ ಹೋಗಿ ಫಲಾಹಾರವಾದೊಡನೆ ಏಳದೆ ಜಮಾ-ಖರ್ಚನ್ನು ಓದುವವರೆಗೆ ಕುಳಿತಿರಿ. ಅಧಿಕಾರಿಗಳಲ್ಲಿಯೂ ಒಂದು ಮಾತು: ಮಂಜೂರಾದ ಅನುದಾನವು ವರ್ಷದ ಕೊನೆಯಲ್ಲಿ ಕೈಸೇರಿದರೆ ಅತ್ಯುತ್ತಮವಾದ ಯೋಜನೆಯೂ ಕೆಡುವದು. ಸಂಸ್ಥೆಗಳಿಂದ ಲೆಕ್ಕವನ್ನು ಸಕಾಲಕ್ಕೆ ಕೇಳುವ ಸರಕಾರವು ಹಣವನ್ನೂ ಸಕಾಲಕ್ಕೆ ಕೊಡಬೇಕಾದದ್ದು ನ್ಯಾಯ.

ಬೀಗದ ಕೈಗಳನ್ನು ಮೇಜಿನ ಮೇಲಿಟ್ಟು ಹೋದ ಆ ನೌಕರನು ಆಮೇಲೆ ನಮಗೆ ಕಾಣಸಿಗಲಿಲ್ಲ. ಅವನಿಗೆ ಸಲ್ಲಬೇಕಾಗಿದ್ದ ಸಂಬಳವನ್ನು ಮಂಡಲಿಯು ತಡವಾಗಿ ಕಳಿಸಿತು. ಅವನನ್ನು ಕೇಳಬೇಕಾಗಿದ್ದ ಪ್ರಶ್ನೆಯು ಹಾಗೆಯೇ ಉಳಿಯಿತು. ಬರುವ ವರ್ಷದ ಯೋಜನೆಗಾಗಿ ಕೂಡುವ ಪ್ರತಿಯೊಂದು ಮಂಡಲಿಯೂ ಆ ಪ್ರಶ್ನೆಯನ್ನು ತನ್ನ ನೌಕರರಿಗೆ ಮೊದಲು ಕೇಳಲೆಂದು ನಾವು ಪ್ರಾರ್ಥಿಸುತ್ತೇವೆ.