ಮೃತ್ಯುಪತ್ರದ ಪ್ರೊಬೇಟ್ ಬಾಕಿಯಿರುವಾಗ ಮನೆಯ ದುರಸ್ತಿ

ಗೋಕಾಕ, ಮೂಡಲಗಿ, ಹುಕ್ಕೇರಿ ಪೇಟೆಗಳಲ್ಲಿ ಕೆಳಗೆ ಅಂಗಡಿ, ಮೇಲೆ ವಾಸ ಇರುವ ಹಳೆಯ ಕಟ್ಟಡಗಳುಂಟು. ಹಿರಿಯರು ತೀರಿಕೊಂಡು ಅವರ ಮೃತ್ಯುಪತ್ರದ ಬಗ್ಗೆ ವಾರಸುದಾರರಲ್ಲಿ ತಕರಾರು ಎದ್ದಾಗ ವ್ಯಾಪಾರ ನಿಲ್ಲುವಂತಿಲ್ಲ, ಮಳೆಯಂತೂ ಕಾಯುವುದಿಲ್ಲ. ಸೋರುವ ಮಾಳಿಗೆಯನ್ನು ಯಾರು, ಯಾರ ಹಣದಿಂದ ಸರಿಪಡಿಸಬೇಕು?

ಮೃತ್ಯುಪತ್ರವು ನೈಜವೆಂದು ನ್ಯಾಯಾಲಯವು ಪ್ರಮಾಣೀಕರಿಸಿ ನಿರ್ವಾಹಕನಿಗೆ, ಅಂದರೆ ಎಕ್ಸಿಕ್ಯೂಟರನಿಗೆ, ನೀಡುವ ಪ್ರತಿಯೇ ಪ್ರೊಬೇಟ್. 1956ರವರೆಗೆ ಈ ಭಾಗವು ಮುಂಬಯಿ ರಾಜ್ಯದಲ್ಲಿದ್ದ ಕಾರಣಕ್ಕೆ ಇಲ್ಲಿಯೂ ಅದು ಕಡ್ಡಾಯವೆಂದು ಭಾವಿಸಬೇಕಾಗಿಲ್ಲ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 213ನೇ ಕಲಮಿನ ಕಡ್ಡಾಯವು ಹಿಂದೂಗಳ ಮಟ್ಟಿಗೆ ಈ ಕಡೆ ಮುಂಬಯಿ ನಗರಕ್ಕೆ ಸಂಬಂಧಿಸಿತ್ತೇ ಹೊರತು ಬೆಳಗಾವಿ ಜಿಲ್ಲೆಗಲ್ಲ. 2025ರ ತಿದ್ದುಪಡಿಯಲ್ಲಿ ಆ ಕಲಮನ್ನೇ ಕೈಬಿಡಲಾಗಿದೆ. ಆದರೂ ತಕರಾರಿರುವಲ್ಲಿ ಜಿಲ್ಲಾ ನ್ಯಾಯಾಲಯದಿಂದ ಪ್ರೊಬೇಟ್ ಪಡೆಯುವುದು ಲೇಸು.

ಮೃತರ ಆಸ್ತಿಯು ಮರಣದ ದಿನದಿಂದಲೇ ನಿರ್ವಾಹಕನಲ್ಲಿ ನಿಹಿತವಾಗುತ್ತದೆ. ಪ್ರೊಬೇಟ್ ದೊರೆತ ಬಳಿಕ, 227ನೇ ಕಲಮಿನಂತೆ, ನಡುವಿನ ಅವಧಿಯಲ್ಲಿ ಆತನು ನಿರ್ವಾಹಕನಾಗಿ ಮಾಡಿದ ಕಾರ್ಯಗಳು ಸಿಂಧುವಾಗುತ್ತವೆ. ಅರ್ಜಿ ತಿರಸ್ಕೃತವಾದರೆ ಈ ಆಸರೆ ಇಲ್ಲ. ಮನೆ ತನಗೆ ಬರೆದಿದೆ ಎಂಬ ಮಾತ್ರಕ್ಕೆ ಫಲಾನುಭವಿಗೂ ಈ ಅಧಿಕಾರವಿಲ್ಲ. ವಿವಾದವು ಬಿರುಸಾಗಿದ್ದರೆ 247ನೇ ಕಲಮಿನಡಿ ತಾತ್ಕಾಲಿಕ ಆಡಳಿತಗಾರನನ್ನು ನೇಮಿಸುವಂತೆ ಕೋರಬಹುದು.

ಗೋಕಾಕದ ಒಬ್ಬ ಜವಳಿ ವರ್ತಕನನ್ನು ಊಹಿಸಿಕೊಳ್ಳೋಣ. ಮಾಳಿಗೆ ಸೋರದಂತೆ ಮಾಡಿಸಿದ್ದು ಆಸ್ತಿಯ ಸಂರಕ್ಷಣೆ. ಅದನ್ನು ಆಕ್ಷೇಪಿಸುವುದು ಸುಲಭವಲ್ಲ. 2019ರ ಆಗಸ್ಟಿನ ಘಟಪ್ರಭೆಯ ಪ್ರವಾಹದಲ್ಲಿ ನೆನೆದಂಥ ಗೋಡೆಯನ್ನು ಇದ್ದಂತೆಯೇ ಕಟ್ಟಿಸುವುದೂ ಹಾಗೆಯೇ. ಆದರೆ ಆತನು ಅಂಗಡಿಯ ಬಂಡವಾಳವನ್ನು ಸುರಿದು ಮೇಲೊಂದು ಅಂತಸ್ತು ಏರಿಸಿದನೆನ್ನಿ. ಮೃತ್ಯುಪತ್ರ ಬಿದ್ದುಹೋದರೆ ಮನೆ ಎಲ್ಲ ವಾರಸುದಾರರಿಗೆ ಹಂಚಿಕೆಯಾಗುತ್ತದೆ. ಖರ್ಚು ಮಾಡಿದ್ದರಿಂದಲೇ ಪಾಲು ಹಿಗ್ಗುವುದಿಲ್ಲ. ಆಸ್ತಿ ಹಸ್ತಾಂತರಣ ಕಾಯ್ದೆಯ 51ನೇ ಕಲಮು ಸುಧಾರಣೆಗೆ ಪರಿಹಾರ ಕೊಡಿಸುವುದು ಸ್ವತ್ತು ಸಂಪೂರ್ಣ ತನ್ನದೆಂದು ಪ್ರಾಮಾಣಿಕವಾಗಿ ನಂಬಿದ್ದವನಿಗೆ. ದಾವೆಯ ಸಮನ್ಸು ಕೈಯಲ್ಲಿ ಹಿಡಿದು ಸಿಮೆಂಟು ತರಿಸಿದವನು ಆ ನಂಬಿಕೆಯನ್ನು ಸಾಬೀತುಪಡಿಸುವುದು ಕಷ್ಟ. ನಗರಸಭೆ, ಪುರಸಭೆಯ ಖಾತೆಯಲ್ಲಾಗಲಿ ಸಿಟಿ ಸರ್ವೆ ಉತಾರದಲ್ಲಾಗಲಿ ಹೆಸರು ಏರಿದ್ದು ಮಾಲಿಕತ್ವದ ಅಂತಿಮ ಪುರಾವೆಯೂ ಅಲ್ಲ. ಮನೆ ಪಿತ್ರಾರ್ಜಿತವಾಗಿದ್ದರೆ ಮೃತ್ಯುಪತ್ರವು ಬರೆದವರ ಪಾಲಿಗಷ್ಟೇ ಅನ್ವಯಿಸುತ್ತದೆ. 2005ರ ತಿದ್ದುಪಡಿಯಂತೆ ಹೆಣ್ಣುಮಕ್ಕಳೂ ಸಮಪಾಲುದಾರರು.

ಲೆಕ್ಕದ ವಿಷಯದಲ್ಲಿ ವರ್ತಕರು ಎಡವುವುದು ಹೆಚ್ಚು. ವಾಸದ ಭಾಗದ ದುರಸ್ತಿಯನ್ನು ಅಂಗಡಿಯ ಖರ್ಚಿಗೆ ಹಾಕಲಾಗದು. ಮೃತರ ಆಸ್ತಿಯ ಆದಾಯ-ವೆಚ್ಚಕ್ಕೆ ಪ್ರತ್ಯೇಕ ಲೆಕ್ಕವಿಟ್ಟು, ಹಣವನ್ನು ಬ್ಯಾಂಕಿನ ಮೂಲಕವೇ ಪಾವತಿಸಬೇಕು. ಪ್ರೊಬೇಟ್ ದೊರೆತ ಆರು ತಿಂಗಳೊಳಗೆ ಆಸ್ತಿಯ ಪಟ್ಟಿಯನ್ನೂ ಒಂದು ವರ್ಷದೊಳಗೆ ಲೆಕ್ಕಪತ್ರವನ್ನೂ ನಿರ್ವಾಹಕನು ನ್ಯಾಯಾಲಯಕ್ಕೆ ಸಲ್ಲಿಸಬೇಕಾಗುತ್ತದೆ. ಮುಂದೆ ಮನೆ ಮಾರಿದಾಗ ಬಂಡವಾಳ ಸ್ವರೂಪದ ಸುಧಾರಣೆಯ ವೆಚ್ಚವನ್ನು ಲಾಭದ ಲೆಕ್ಕದಲ್ಲಿ ಕಳೆಯಬಹುದು, ಸುಣ್ಣ-ಬಣ್ಣದ ಖರ್ಚನ್ನಲ್ಲ. ಎರಡಕ್ಕೂ ಬಿಲ್ಲುಗಳನ್ನು ಬೇರೆ ಬೇರೆ ಪಡೆಯುವುದು ಉತ್ತಮ.

ಕೆಲಸ ಆರಂಭಿಸುವ ಮುನ್ನ ದಿನಾಂಕ ಸಹಿತ ಛಾಯಾಚಿತ್ರ ತೆಗೆಸಿ, ಇಂಜಿನಿಯರರ ಅಂದಾಜುಪಟ್ಟಿಯೊಡನೆ ಉಳಿದ ವಾರಸುದಾರರಿಗೆ ಲಿಖಿತ ನೋಟಿಸು ಕೊಡತಕ್ಕದ್ದು. ಕೆಡವುವ ಅಥವಾ ಹೊಸದಾಗಿ ಕಟ್ಟುವ ಉದ್ದೇಶವಿದ್ದರೆ ಎಲ್ಲರ ಸಹಿಯುಳ್ಳ ಒಪ್ಪಿಗೆಪತ್ರವನ್ನು ಇಲ್ಲವೇ ನ್ಯಾಯಾಲಯದ ಅನುಮತಿಯನ್ನು ಮೊದಲು ಪಡೆಯಬೇಕು.