ಬೀಳುಭೂಮಿಯಿಂದ ಬಂದ ಜೋಳ

ಹಸಿವಿನ ಮಾತು ಬಂದಾಗಲೆಲ್ಲ ನಾವು ಪಡಿತರ ಅಂಗಡಿಯತ್ತ ನೋಡುತ್ತೇವೆ. ಪಡಿತರವು ಕೋಟ್ಯಂತರ ಬಡವರಿಗೆ ಆಸರೆಯಾಗಿರುವುದು ನಿಜ. ಆದರೆ ತುಂಡು ಭೂಮಿಯಾದರೂ ಇರುವ ಸಣ್ಣ ರೈತನ ಮನೆಯಲ್ಲಿ ಹಸಿವೇಕೆ? ಹೈದರಾಬಾದಿನ ಕನ್ನಡಿಗರಾದ ನಮ್ಮ ನೆರೆಯಲ್ಲೇ ಈ ಪ್ರಶ್ನೆಗೆ ಒಂದು ಉತ್ತರ ದೊರೆತಿದೆ.

ಇಲ್ಲಿಂದ ಬೀದರಿಗೆ ಹೋಗುವ ಹಾದಿಯಲ್ಲಿ, ಸುಮಾರು 100 ಕಿ.ಮೀ. ದೂರದಲ್ಲಿ ಜಹೀರಾಬಾದ್ ಇದೆ. ಮಳೆಯನ್ನೇ ನಂಬಿದ ಇಲ್ಲಿನ ಹೊಲಗಳಲ್ಲಿ ಜೋಳ, ತೊಗರಿ, ನವಣೆ, ಸಜ್ಜೆಗಳು ಹಿಂದಿನಿಂದಲೂ ಬೆಳೆಯುತ್ತಿದ್ದವು. 1983ರಲ್ಲಿ ಅಂದಿನ ಆಂಧ್ರಪ್ರದೇಶ ಸರಕಾರವು ಕಿಲೋಗೆ 2 ರೂಪಾಯಿಯ ಅಕ್ಕಿ ನೀಡತೊಡಗಿತು. ಒಂದೆಡೆ ಅಗ್ಗದ ಅಕ್ಕಿ, ಇನ್ನೊಂದೆಡೆ ಉಳುಮೆಗೆ ಬಂಡವಾಳದ ಕೊರತೆ. ಇವುಗಳ ನಡುವೆ ಬಡವರ ಹೊಲಗಳು ಬೀಳುಬಿದ್ದವು. ಹೊಲ ಬೀಳಾದರೆ ಧಾನ್ಯ ಮಾತ್ರವಲ್ಲ, ಕೂಲಿ, ಮೇವು, ಗೊಬ್ಬರ ಎಲ್ಲವೂ ಕ್ಷೀಣಿಸುತ್ತವೆ.

ಅದೇ ವರ್ಷ ಸ್ಥಾಪನೆಯಾದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಇಲ್ಲಿ ಕಾರ್ಯಪ್ರವೃತ್ತವಾಯಿತು. ಅದರ ಸ್ಥಾಪಕರಲ್ಲಿ ಪ್ರಮುಖರಾದ ಪಿ. ವಿ. ಸತೀಶ್ ಅವರು ಮೈಸೂರಿನಲ್ಲಿ ಜನಿಸಿದವರು, ದೂರದರ್ಶನದ ನಿರ್ಮಾಪಕರಾಗಿದ್ದವರು. ಬಹುಪಾಲು ದಲಿತ ಮಹಿಳೆಯರೇ ಇರುವ ಗ್ರಾಮಸಂಘಗಳು ಈ ಸಂಸ್ಥೆಯ ಬೆನ್ನೆಲುಬು.

1990ರ ದಶಕದ ಮಧ್ಯದಲ್ಲಿ, ಕೇಂದ್ರ ಗ್ರಾಮೀಣಾಭಿವೃದ್ಧಿ ಇಲಾಖೆಯ ನೆರವಿನಿಂದ ಈ ಸಂಘಗಳು ಪರ್ಯಾಯ ಪಡಿತರ ವ್ಯವಸ್ಥೆಯೊಂದನ್ನು ಆರಂಭಿಸಿದವು. ಬೀಳುಭೂಮಿಯ ಉಳುಮೆ, ಗೊಬ್ಬರ, ಬಿತ್ತನೆಗಳಿಗೆ ರೈತರಿಗೆ ಸಾಲ ನೀಡಲಾಯಿತು. ಅವರು ಅದನ್ನು ಹಣದ ಬದಲು ಜೋಳದ ರೂಪದಲ್ಲಿ ಕೆಲವು ವರ್ಷಗಳ ಕಂತುಗಳಲ್ಲಿ ತೀರಿಸಬೇಕಿತ್ತು. ಆ ಜೋಳವನ್ನು ಊರಲ್ಲೇ ಸಂಗ್ರಹಿಸಿಡಲಾಯಿತು. ಯಾರು ಅತಿ ಬಡವರೆಂಬುದನ್ನು ಗ್ರಾಮಸ್ಥರೇ ಕೂಡಿ ನಿರ್ಧರಿಸಿ, ಕಾಳಿನ ಅಭಾವದ ತಿಂಗಳುಗಳಲ್ಲಿ ಅವರಿಗೆ ಕಡಿಮೆ ದರದಲ್ಲಿ ಮಾರಿದರು. ಬಂದ ಹಣವು ಸಮುದಾಯದ ಧಾನ್ಯನಿಧಿಯಾಯಿತು.

ದಶಕಗಳಿಂದ ಬ್ಯಾಂಕಿನಲ್ಲಿ ಸಾಲದ ಲೆಕ್ಕ ಬರೆಯುತ್ತ ಬಂದ ನಮಗೆ ಇದರಲ್ಲಿ ಹಿಡಿಸಿದ್ದು ಮರುಪಾವತಿಯ ರೀತಿ. ನಗದು ಸಾಲ ಪಡೆದ ಸಣ್ಣ ರೈತನು ಸುಗ್ಗಿಯಲ್ಲಿ, ಬೆಲೆ ಕುಸಿದಿರುವಾಗಲೇ, ಕಾಳು ಮಾರಬೇಕಾಗುತ್ತದೆ. ಮಳೆಗಾಲದಲ್ಲಿ ಅದೇ ಕಾಳನ್ನು ಹೆಚ್ಚು ಬೆಲೆಗೆ ಕೊಳ್ಳುತ್ತಾನೆ. ಕಾಳಿನಲ್ಲೇ ತೀರುವ ಸಾಲದಲ್ಲಿ ಈ ನಷ್ಟವಿಲ್ಲ. ಒಬ್ಬನ ಕಂತು ನೆರೆಮನೆಯ ರೊಟ್ಟಿಯಾಗುತ್ತದೆ. ಅದೇ ಎಕರೆ ಕೂಲಿಯವರಿಗೆ ಕೆಲಸವನ್ನೂ ದನಗಳಿಗೆ ಮೇವನ್ನೂ ಒದಗಿಸುತ್ತದೆ.

ಇದು ಸರ್ವರೋಗಕ್ಕೂ ಮದ್ದೆಂದು ನಾವು ಹೇಳುತ್ತಿಲ್ಲ. ಬರ ಬಂದರೆ ಕಂತು ತಪ್ಪಬಹುದು. ಒಗ್ಗಟ್ಟಿಲ್ಲದ ಊರಿನಲ್ಲಿ ಇಂತಹ ವ್ಯವಸ್ಥೆ ನಿಲ್ಲದು. ಆದರೂ ಇದರ ಹಿಂದಿನ ವಿಚಾರಕ್ಕೆ ಕಾಲಕ್ರಮದಲ್ಲಿ ಮನ್ನಣೆ ದೊರೆಯಿತು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯು ಅಕ್ಕಿ, ಗೋಧಿಗಳ ಜೊತೆಗೆ ಜೋಳ, ರಾಗಿಯಂತಹ ಧಾನ್ಯಗಳನ್ನೂ ಪಡಿತರಕ್ಕೆ ಸೇರಿಸಿತು. 2019ರಲ್ಲಿ ಸಂಸ್ಥೆಗೆ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಲಭಿಸಿತು. ಸತೀಶ್ ಅವರು 2023ರ ಮಾರ್ಚಿನಲ್ಲಿ ನಿಧನರಾದರು. ಅದು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವಾಗಿತ್ತು.

ಇಂದು ನಗರದ ಅಂಗಡಿಗಳಲ್ಲಿ ಸಿರಿಧಾನ್ಯಕ್ಕೆ ಒಳ್ಳೆಯ ಬೆಲೆಯಿದೆ. ಅದರ ಯೋಗ್ಯ ಪಾಲು ಬೆಳೆದವರಿಗೆ ತಲುಪಬೇಕು. ಅದಕ್ಕೂ ಮೊದಲು ಊರಿನ ಬಡವರ ಪಾಲಿನ ಕಾಳು ಊರಲ್ಲೇ ಉಳಿಯಬೇಕು. ನಾವು ಕೊಳ್ಳುವುದು ಮಿಕ್ಕಿದ್ದನ್ನಾಗಿರಲಿ. ಹಳ್ಳಿಯ ನಂಟು ಉಳಿಸಿಕೊಂಡಿರುವ ಕನ್ನಡ ಕುಟುಂಬಗಳು, ತಮ್ಮೂರಿನಲ್ಲಿ ಬೀಳುಬಿದ್ದ ಎಕರೆಗಳೆಷ್ಟು, ಅವು ಬೀಳಾದದ್ದೇಕೆ ಎಂದು ಒಮ್ಮೆ ವಿಚಾರಿಸಿದರೆ ಒಳಿತು.